ತಾಮುವಿನ ಕಾಡಿಗೆ ಕಡ್ಡಿ

ನಮ್ಮೂರು ತಮೆಸ್ಲಾದಲ್ಲಿ ಹುಟ್ಟಿದ ಯಾವ ಕೂಸಿನ ಕಣ್ಣೂ ತಾಮು ಬಂದು ಕಾಡಿಗೆ ಹಚ್ಚುವವರೆಗೆ ಕಣ್ಣು ಅನ್ನಿಸಿಕೊಳ್ಳುತ್ತಿರಲಿಲ್ಲ. ಏಳನೆಯ ದಿನ ಕುರಿ ಕೊಯ್ದು, ಕೂಸಿಗೆ ಹೆಸರಿಟ್ಟು, ಬಾಣಂತಿಯನ್ನು ಮೀಯಿಸಿ ಕೂರಿಸಿದ ಮೇಲೂ ಹೆಂಗಸರೆಲ್ಲ ಬಾಗಿಲ ಕಡೆಗೇ ನೋಡುತ್ತಿದ್ದರು. ಹಿರಿಯಳೆಂಬ ಗೌರವಕ್ಕೆ ಊರು ಲಾಲ್ಲಾ ಅಂತ ಕರೆಯುತ್ತಿದ್ದ ತಾಮು ನಿಧಾನವಾಗಿ ಬರುತ್ತಿದ್ದಳು. ಕಪ್ಪು ಹೊದಿಕೆಯೊಳಗಿನಿಂದ ಹಿತ್ತಾಳೆಯ ಕೊಳವೆ ತೆಗೆಯುತ್ತಿದ್ದಳು. ಅದರಲ್ಲಿ ಕಾಡಿಗೆ, ಕಾಡಿಗೆಯಲ್ಲಿ ಮುಳುಗಿದ ಆಲಿವ್ ಮರದ ಕಡ್ಡಿ. ಕಡ್ಡಿಯನ್ನು ನಾಲಿಗೆಯ ತುದಿಗೆ ತಾಗಿಸಿ, ಬಿಸ್ಮಿಲ್ಲಾ ಅಂದು, ಕೂಸಿನ ರೆಪ್ಪೆಯ ನಡುವೆ ಒಂದೇ ಒಂದು ಸಲ ಎಳೆದಳೆಂದರೆ ಮುಗಿಯಿತು. ಕೂಸು ಕಿರುಚುತ್ತಿತ್ತು, ಹೆಂಗಸರು ಕೇಕೆ ಹಾಕುತ್ತಿದ್ದರು, ಚಹಾದ ಲೋಟಗಳು ಸುತ್ತು ಬರುತ್ತಿದ್ದವು.

ಆ ಕಡ್ಡಿ ಅವಳ ಅಜ್ಜಿಯದು. ಊರ ಮದುವಣಗಿತ್ತಿಯರ ಕಣ್ಣಿಗೂ ಅದೇ, ಆಶೂರಾ ಹಬ್ಬದಲ್ಲಿ ಸಾಲುಗಟ್ಟಿ ಕೂರುವ ಮಕ್ಕಳ ಕಣ್ಣಿಗೂ ಅದೇ. ಒಂದೇ ಕಡ್ಡಿಯಲ್ಲಿ ಕಾಡಿಗೆ ಹಚ್ಚಿಸಿಕೊಂಡವರು ಒಂದೇ ಎದೆಯ ಹಾಲು ಕುಡಿದವರ ಹಾಗೆ ಅಂತ ನಮ್ಮ ಕಡೆ ಮಾತು. ಹಾಗಾಗಿ ಎಂಥ ಜಗಳ ಆಗಿದ್ದರೂ ಇಬ್ಬರು ಹೆಂಗಸರು ಆಶೂರಾ ದಿನ ತಾಮುವಿನ ಅಂಗಳದಲ್ಲಿ ಪಕ್ಕಪಕ್ಕ ಕೂತು ಕಣ್ಣು ಕೊಡಲೇಬೇಕಿತ್ತು. ನಿನ್ನ ಕಣ್ಣು ಮುಟ್ಟಿದ ಕಡ್ಡಿ ನನ್ನ ಕಣ್ಣಿಗೆ ಬೇಡ ಅನ್ನುವುದಕ್ಕಿಂತ ದೊಡ್ಡ ಬೈಗುಳ ತಮೆಸ್ಲಾದಲ್ಲಿ ಇರಲಿಲ್ಲ.

ಒಂದು ಮನೆಗೆ ಮಾತ್ರ ಆ ಕಡ್ಡಿ ಹೋಗುತ್ತಿರಲಿಲ್ಲ. ಊರಬಾಗಿಲಿನ ಹೊರಗಿದ್ದ ಕಮ್ಮಾರನ ಮನೆ. ಕಮ್ಮಾರ ಮಾಡಿದ ಕುಡುಗೋಲು ಬೇಕು, ಸಲಿಕೆ ಬೇಕು, ಅವನ ಮನೆಯವರ ಕಣ್ಣು ಮುಟ್ಟಿದ ಕಡ್ಡಿ ಬೇಡ. ನಮ್ಮವರ ಬುದ್ಧಿಯೇ ಹಾಗೆ, ಏನು ಹೇಳೋಣ. ಹಬ್ಬದ ದಿನ ತಾಮು ಒಂದು ಚೂರು ಕಾಗದದಲ್ಲಿ ಚಿಟಿಕೆ ಕಾಡಿಗೆ ಕಟ್ಟಿ, ಕಮ್ಮಾರನ ಹೆಂಡತಿ ಬರ್ಕಾಳ ಹೊಸ್ತಿಲಾಚೆ ಇಟ್ಟು, "ನೀವೇ ಹಚ್ಕೊಳ್ಳಿ" ಅಂದು ಹಿಂದಿರುಗಿ ನೋಡದೆ ಬರುತ್ತಿದ್ದಳು.

ಹಾಗಂತ ತಾಮು ಕೆಟ್ಟವಳೇನಲ್ಲ. ಅವಳಷ್ಟು ಪ್ರೀತಿ ಇದ್ದವಳನ್ನು ನಮ್ಮೂರು ಕಂಡಿಲ್ಲ, ಆಮೇಲೆ ಆದ ಕೇಡೆಲ್ಲ ಆ ಪ್ರೀತಿಯಿಂದಲೇ ಆದದ್ದು. ಗಂಡ ಲಹ್ಸೆನ್, ಬಾವಿಯ ಹೂಳು ತೆಗೆಯಲು ಇಳಿದವನು ಮೇಲೆ ಬರಲಿಲ್ಲ. ಮಗಳು ಫಾದ್ಮಾ ಆಗಿನ್ನೂ ಕಂಕುಳಲ್ಲಿದ್ದಳು. ಗಂಡ ಸತ್ತವಳು ಸೂತಕದ ತಿಂಗಳುಗಳಲ್ಲಿ ಕಾಡಿಗೆ ಹಚ್ಚಿಕೊಳ್ಳಬಾರದು. ಆ ತಿಂಗಳುಗಳು ಮುಗಿದ ಮೇಲೂ ತಾಮು ಹಚ್ಚಿಕೊಳ್ಳಲಿಲ್ಲ. ಯಾರಾದರೂ ಒತ್ತಾಯ ಮಾಡಿದರೆ, "ನೋಡೋನೇ ಹೋದ ಮೇಲೆ ಯಾರಿಗೆ ತೋರ್ಸೋಕೆ ಬಿಡೇ" ಅಂದುಬಿಡುತ್ತಿದ್ದಳು. ತನ್ನ ಕಣ್ಣಿಗೆ ಇಲ್ಲವಾದದ್ದನ್ನೆಲ್ಲ ಮಗಳ ಕಣ್ಣಿಗೆ ಹಚ್ಚಿದಳು. ಬೇರೆ ಮಕ್ಕಳಿಗೆ ಹಬ್ಬಕ್ಕೆ ಕಾಡಿಗೆ, ಫಾದ್ಮಾಳಿಗೆ ದಿನಾ ಬೆಳಿಗ್ಗೆ. ಅಂಜನದ ಕಲ್ಲು ಕುಟ್ಟಿ, ಸುಟ್ಟ ಖರ್ಜೂರದ ಬೀಜ ಸೇರಿಸಿ, ಲವಂಗ ಅರೆದು, ತೆಳುಬಟ್ಟೆಯಲ್ಲಿ ಸೋಸಿದ ಕಾಡಿಗೆ. ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರೆ, ಆದರೆ ಫಾದ್ಮಾಳ ಕಣ್ಣನ್ನು ಬೇರೆಯವರೂ ನಿಂತು ನೋಡುತ್ತಿದ್ದರು. ದೊಡ್ಡ ಕಣ್ಣು, ನಗುವ ಮೊದಲೇ ನಗುವ ಕಣ್ಣು.

ಕಣ್ಣುಬೇನೆ ನಮ್ಮಲ್ಲಿ ಹೊಸದಲ್ಲ. ಖರ್ಜೂರ ಹಣ್ಣಾಗುವ ಕಾಲಕ್ಕೆ ನೊಣ ಮುತ್ತುತ್ತಿತ್ತು, ಮಕ್ಕಳ ಕಣ್ಣು ಕೆಂಪಾಗಿ, ಬೆಳಿಗ್ಗೆ ಪಿಸುರು ಕಟ್ಟಿ ರೆಪ್ಪೆ ಬಿಡಿಸಲು ಆಗುತ್ತಿರಲಿಲ್ಲ. ಅದಕ್ಕೆ ಔಷಧ ಯಾವುದು? ತಾಮು ಇದ್ದಾಳಲ್ಲ. ತಾಯಂದಿರು ಮಕ್ಕಳನ್ನು ಎಳೆದುಕೊಂಡು ಬರುತ್ತಿದ್ದರು, ತಾಮು ಒಬ್ಬೊಬ್ಬರಿಗೂ ಕಡ್ಡಿ ಎಳೆಯುತ್ತಿದ್ದಳು. ಲವಂಗ ಉರಿದು ನೀರು ದಳದಳ ಸುರಿಯುತ್ತಿತ್ತು. "ನೋಡು, ಕೆಟ್ಟದ್ದೆಲ್ಲ ಹೋಗ್ತಿದೆ" ಅನ್ನುತ್ತಿದ್ದರು. ಎಲ್ಲಿಗೆ ಹೋಗುತ್ತಿತ್ತು ಅಂತ ಯಾರೂ ಕೇಳಲಿಲ್ಲ, ಪಕ್ಕದಲ್ಲಿ ಕೂತ ಮಗುವಿನ ಕಣ್ಣಿಗೇ ಹೋಗುತ್ತಿತ್ತು.

ಫಾದ್ಮಾಳಿಗೆ ಮದುವೆಯಾಗಿ, ಮಗಳು ರಹ್ಮಾ ಹುಟ್ಟಿದ ಮೇಲೆ ಫಾದ್ಮಾಳ ರೆಪ್ಪೆಯ ಕೂದಲು ಒಳಕ್ಕೆ ತಿರುಗತೊಡಗಿತು. ವರ್ಷಗಟ್ಟಲೆ ಬಂದುಹೋದ ಬೇನೆಗೆ ರೆಪ್ಪೆಯ ಒಳಮೈ ಕಲೆಗಟ್ಟಿ ಸುರುಟಿಕೊಂಡಿತ್ತು. ರೆಪ್ಪೆ ಮುಚ್ಚಿ ತೆರೆದಾಗಲೆಲ್ಲ ಕೂದಲು ಕಣ್ಣುಗುಡ್ಡೆಯನ್ನು ಗೀಚುತ್ತಿತ್ತು. ಬಿಸಿಲಿಗೆ ಬರಲಾರಳು, ಒಲೆಯ ಮುಂದೆ ಕೂರಲಾರಳು. ಗಂಡ ಗೋಧಿ ರವೆಯ ಕುಸ್ಕುಸ್‌ನಲ್ಲಿ ಕಲ್ಲು ಸಿಕ್ಕಿತು ಅಂತ ಒಂದು ದಿನ ತಟ್ಟೆ ತಳ್ಳಿದ. ಮತ್ತೆರಡು ಸಲ ಹಾಗೇ ಆಯಿತು. ಆಮೇಲೆ ಹೆಂಡತಿಯನ್ನೂ ಮಗುವನ್ನೂ ಕತ್ತೆಯ ಮೇಲೆ ಕೂರಿಸಿ ತಾಮುವಿನ ಮನೆಯ ಮುಂದೆ ಇಳಿಸಿ ಹೋದ. ಊಟದಲ್ಲಿ ಸಿಕ್ಕ ಕಲ್ಲಿಗೆ ಹೆಂಡತಿಯನ್ನು ಬಿಟ್ಟ ಗಂಡಸಿನ ಬಗ್ಗೆ ಇನ್ನೂ ಮಾತಾಡಿ ನನ್ನ ಬಾಯಿ ಯಾಕೆ ಹೊಲಸು ಮಾಡಿಕೊಳ್ಳಲಿ.

ತಾಮು ಮೇಕೆಯೊಂದನ್ನು ಮಾರಿ ಮಗಳನ್ನು ಲಾರಿಯಲ್ಲಿ ಪಟ್ಟಣಕ್ಕೆ ಕರೆದುಕೊಂಡು ಹೋದಳು. ಔಷಧದ ಅಂಗಡಿಯವನು ಕಣ್ಣಿಗೆ ಹಚ್ಚುವ ಮುಲಾಮು ಕೊಟ್ಟ. ಅದು ಮುಗಿಯುವಷ್ಟರಲ್ಲಿ ಕೆಂಪು ಇಳಿಯಿತು. ಫಾದ್ಮಾ ಮಾಳಿಗೆ ಹತ್ತಿ ನಿಂತು, "ಅವ್ವಾ, ಆ ಮರದ ಗೊನೆ ಕಾಣ್ತಿದೆ, ಅದರಾಚೆ ಮರದ್ದೂ ಕಾಣ್ತಿದೆ" ಅಂದಳು. ಊರ ಹೆಂಗಸರೆಲ್ಲ ಸಕ್ಕರೆಗಟ್ಟಿ ಹಿಡಿದುಕೊಂಡು ನೋಡಲು ಬಂದರು. ಬಂದವರ ಕಣ್ಣೂ ಕೆಂಪೇ, ಕಂಕುಳಲ್ಲಿದ್ದ ಮಕ್ಕಳ ಕಣ್ಣೂ ಕೆಂಪೇ. ತಾಮುವಿಗೆ ಸಂತೋಷ ತಡೆಯಲಾಗಲಿಲ್ಲ. ಕೊಳವೆ ತೆಗೆದು, ಬಂದವರಿಗೆಲ್ಲ ಕಾಡಿಗೆ ಹಚ್ಚಿ, ಕೊನೆಗೆ ವಾಸಿಯಾದ ಮಗಳ ಕಣ್ಣಿಗೂ ಹಚ್ಚಿದಳು.

ತಿಂಗಳು ಕಳೆಯುವುದರೊಳಗೆ ಬೇನೆ ಮತ್ತೆ ಬಂತು. ಇನ್ನೊಂದು ಮೇಕೆ ಹೋಯಿತು, ಇನ್ನೊಂದು ಮುಲಾಮು ಬಂತು. ವಾಸಿಯಾಗುವುದು, ಮತ್ತೆ ಅಂಟುವುದು. ಮುಲಾಮು ಒಂದು ಮನೆಗೆ, ಬೇನೆ ಊರಿಗೆ. ಹೀಗಿದ್ದರೆ ಯಾವ ಮೇಕೆ ಸಾಕಾದೀತು ಹೇಳಿ. ಕೊಟ್ಟಿಗೆ ಖಾಲಿಯಾಗುವ ಹೊತ್ತಿಗೆ ಫಾದ್ಮಾಳ ಕಣ್ಣುಗುಡ್ಡೆಯ ಮೇಲೆ ಬಿಳಿ ಪೊರೆ ಬಂದು ನಿಂತಿತ್ತು. ಬೆಳಕು ಕತ್ತಲೆ ಅಷ್ಟೇ ಗೊತ್ತಾಗುತ್ತಿತ್ತು, ಆಮೇಲೆ ಅದೂ ಮಸುಕಾಯಿತು.

ಚಿಮುಟ ಹಿಡಿದು ತಾಯಿಯ ರೆಪ್ಪೆಯ ಕೂದಲು ಕೀಳುವುದು ರಹ್ಮಾಳ ಕೆಲಸವಾಯಿತು. ಬೆಳಗಿನ ಬಿಸಿಲು ಅಂಗಳಕ್ಕೆ ಬಂದ ತಕ್ಷಣ ತಾಯಿ ಮಗಳ ತೊಡೆಯ ಮೇಲೆ ತಲೆ ಇಟ್ಟು ಮಲಗುತ್ತಿದ್ದಳು. ಹಾಲುಹಲ್ಲು ಬೀಳುತ್ತಿದ್ದ ವಯಸ್ಸಿನ ಹುಡುಗಿ ಉಸಿರು ಬಿಗಿಹಿಡಿದು ಒಂದೊಂದೇ ಕೂದಲು ಕೀಳುತ್ತಿತ್ತು.

"ನೋಯ್ತಾ ಅಮ್ಮಾ?"

"ಇಲ್ಲ ಕಣೇ. ನಿನ್ನ ಮೂಗಿಂದ ನೀರು ನನ್ನ ಹಣೆ ಮೇಲೆ ಬೀಳ್ತಿದೆ, ಅದನ್ನ ಒರೆಸ್ಕೋ ಮೊದ್ಲು."

ಇಬ್ಬರೂ ನಗುತ್ತಿದ್ದರು. ಒಳಗೆ ಹಿಟ್ಟು ನಾದುತ್ತಿದ್ದ ತಾಮು ಆ ನಗು ಕೇಳಿಸಿಕೊಂಡು ಅಳುತ್ತಿದ್ದಳು.

ಹೀಗಿದ್ದಾಗ ಒಂದು ಚಳಿಗಾಲ ಸರ್ಕಾರದ ಜೀಪು ಬಂತು. ಅದರಲ್ಲಿ ಬತೂಲ್ ಅನ್ನುವ ನರ್ಸ್. ಗಟ್ಟಿ ದನಿಯ ಹೆಂಗಸು, ಬಂದವಳೇ ಶಾಲೆಯ ಅಂಗಳದಲ್ಲಿ ಮೇಜು ಹಾಕಿಸಿ, ಊರ ಮಕ್ಕಳನ್ನೆಲ್ಲ ಸಾಲಾಗಿ ನಿಲ್ಲಿಸಿದಳು. ಹೆಬ್ಬೆರಳಿನಿಂದ ರೆಪ್ಪೆ ಮಗುಚಿ ಒಳಗೆ ನೋಡುತ್ತಿದ್ದಳು. ಕುಸ್ಕುಸ್ ಕಾಳು ಉದುರಿಸಿದ ಹಾಗೆ ಒಳಗೆಲ್ಲ ಬಿಳಿ ಗುಳ್ಳೆ. ಒಂದಾದ ಮೇಲೊಂದು ಮಗುವಿಗೆ ಅದೇ. ರಹ್ಮಾಳ ಸರದಿ ಬಂದಾಗ ತಾಮು ಕತ್ತು ಚಾಚಿ ನೋಡಿದಳು. ರಹ್ಮಾಳ ಎರಡೂ ರೆಪ್ಪೆಯಲ್ಲಿ ಕಾಳು ತುಂಬಿತ್ತು.

ಬತೂಲ್ ತಲೆಯೆತ್ತಿ ಹೆಂಗಸರನ್ನು ಕೇಳಿದಳು. "ಈ ಮಕ್ಕಳಿಗೆ ಕಾಡಿಗೆ ಹಚ್ಚೋದು ಯಾರು?"

ಹೆನ್ನು ಮುಂದೆ ಬಂದಳು. ತಾಮುವಿನ ಪಕ್ಕದ ಮನೆಯವಳು, ಊರಿನ ಬಾಯಿ ಅಂತಲೇ ಹೆಸರಾದವಳು. "ಯಾರು ಅಂತ ಕೇಳ್ತೀಯಲ್ಲ ಡಾಕ್ಟ್ರಮ್ಮ. ನಮ್ಮ ಲಾಲ್ಲಾ ತಾಮು. ಅವಳ ಕೈ ಮುಟ್ಟದ ಕಣ್ಣು ಈ ಊರಲ್ಲಿ ಒಂದು ತೋರ್ಸು, ನನ್ನ ಹೆಸರು ಬದಲಾಯಿಸ್ಕೋತೀನಿ."

"ಎಲ್ಲರಿಗೂ ಒಂದೇ ಕಡ್ಡಿನಾ?"

"ಮತ್ತೆ? ನಾವೇನು ಪರವೂರಿನೋರಾ, ಬೇರೆ ಬೇರೆ ಕಡ್ಡಿ ಇಟ್ಕೊಳ್ಳೋಕೆ?"

ಹೆಂಗಸರೆಲ್ಲ ಹೌದು ಹೌದು ಅಂದರು. ಒಬ್ಬಳು ತಾಮುವಿನ ಹೆಗಲು ಹಿಡಿದು ಮುಂದೆ ತಂದು ನಿಲ್ಲಿಸಿದಳು. ಮಗುವಿನ ಮೇಲೆ ಮಗುವಿನ ಹೆಸರು ಹೇಳಿ, ಇವನಿಗೆ ಹಚ್ಚಿದ್ದೂ ಇವಳೇ, ಅವಳಿಗೆ ಹಚ್ಚಿದ್ದೂ ಇವಳೇ ಅಂತ ಹೊಗಳಿದರು. ಬತೂಲ್ ಸಾಲಿನ ಕೊನೆಯಲ್ಲಿ, ಒಂದು ಮಾರು ದೂರ ನಿಂತಿದ್ದ ಕಮ್ಮಾರನ ಮಗಳನ್ನು ಹತ್ತಿರ ಕರೆದು ರೆಪ್ಪೆ ಮಗುಚಿದಳು. ಒಳಗೆ ನಸುಗೆಂಪು, ನುಣ್ಣಗೆ, ಒಂದು ಕಾಳೂ ಇಲ್ಲ.

"ಇವಳ ಕಣ್ಣು ಶುದ್ಧವಾಗಿದೆ" ಅಂದಳು ಬತೂಲ್.

"ಇರ್ದೆ ಏನಮ್ಮ" ಅಂದಳು ಬರ್ಕಾ, ನಗುನಗುತ್ತಲೇ. "ನಮ್ಮನ್ನ ಯಾರೂ ಮುಟ್ಟಲ್ಲವಲ್ಲ. ಕಾಯ್ಲೆಗೂ ಮಡಿ ಇರ್ಬೇಕು."

ಕೆಲವರು ನಕ್ಕರು. ತಾಮು ಹೊದಿಕೆಯೊಳಗೆ ಕೈ ಹಾಕಿ ಕೊಳವೆಯನ್ನು ಹಿಡಿದುಕೊಂಡಳು. ಮಗಳು ಫಾದ್ಮಾ ಗೋಡೆಗೆ ಒರಗಿ ಕೂತು, ಮುಖ ಇತ್ತ ತಿರುಗಿಸಿ, ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದಳು.

ಜನ ಚದುರಿದ ಮೇಲೆ ತಾಮು ಮೇಜಿನ ಹತ್ತಿರ ಹೋದಳು. "ನನ್ನ ಕಡ್ಡಿನಾ ಮಗಳೇ?"

"ಕಡ್ಡಿ ಒಂದೇ ಅಲ್ಲ ಲಾಲ್ಲಾ. ನೊಣ ಇದೆ. ಮನೆಮಂದಿಗೆಲ್ಲ ಒಂದೇ ಬಟ್ಟೆ, ಒಂದೇ ಬೋಗುಣಿ ನೀರು. ನೀರಿಲ್ದೇ ಇರೋದು ನಿಮ್ಮ ತಪ್ಪಲ್ಲ."

"ಸಮಾಧಾನ ಆಮೇಲೆ ಹೇಳು. ಕಡ್ಡಿ ಹೌದೋ ಅಲ್ವೋ?"

ಬತೂಲ್ "ಹೌದು" ಅಂದಳು.

ಆಮೇಲೆ ರಹ್ಮಾಳ ವಿಷಯ ಹೇಳಿದಳು. ಈಗಲೇ ಮದ್ದು ಬಿದ್ದರೆ ಹುಡುಗಿಯ ಕಣ್ಣು ಉಳಿಯುತ್ತದೆ. ಬಿಟ್ಟರೆ ತಾಯಿಯ ದಾರಿಯೇ. ಮದ್ದು ಸರ್ಕಾರದ್ದು, ಯಾರೂ ಏನೂ ಕೊಡಬೇಕಿಲ್ಲ. "ಆದ್ರೆ ಇವಳೊಬ್ಬಳು ನುಂಗಿದ್ರೆ ಪ್ರಯೋಜನ ಇಲ್ಲ ಲಾಲ್ಲಾ. ನೀವು ಮೇಕೆ ಮಾರಿ ಮುಲಾಮು ತಂದ್ರಿ ಅಂದ್ರಲ್ಲ, ಹಾಗೇ ಆಗುತ್ತೆ. ಊರಿಗೆ ಊರೇ ಒಂದೇ ಸಲಕ್ಕೆ ತಗೋಬೇಕು. ಕಣ್ಣು ಚೆನ್ನಾಗಿರೋರೂ ತಗೋಬೇಕು. ಒಂದು ಮನೆ ಹೊರಗುಳಿದ್ರೂ ಬೇನೆ ಅಲ್ಲಿ ಕೂತಿದ್ದು ಮತ್ತೆ ಬರುತ್ತೆ. ಆಶೂರಾ ಆದ ಮಾರನೇ ದಿನ ಮದ್ದು ತರ್ತೀನಿ."

ಆವತ್ತು ಸಂಜೆ ತಾಮು ಒಲೆಯ ಮುಂದೆ ಕೂತು ರೊಟ್ಟಿ ಹಾಕುತ್ತಿದ್ದಳು. ಫಾದ್ಮಾ ಎದುರಿಗಿದ್ದಳು.

"ನೀನೂ ಕೇಳಿಸ್ಕೊಂಡ್ಯಲ್ಲ?" ಅಂದಳು ತಾಮು.

"ಕೇಳಿಸ್ಕೊಂಡೆ."

"ಏನಾದ್ರೂ ಅನ್ನು ಮಗಳೇ. ಬೈ. ಎದ್ದು ಹೊಡಿ ಬೇಕಾದ್ರೆ."

ಫಾದ್ಮಾ ಮೂಗು ಎತ್ತಿ ಗಾಳಿ ಮೂಸಿದಳು. "ರೊಟ್ಟಿ ಸೀಯ್ತಿದೆ ಅವ್ವಾ, ತೆಗಿ" ಅಂದಳು.

ಅಷ್ಟೇ. ಆಮೇಲೆ ಆ ಮಾತು ಆ ಮನೆಯಲ್ಲಿ ಏಳಲೇ ಇಲ್ಲ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು ತಾಮುವಿಗೆ. ಮಗಳು ಬೈಯಲಿಲ್ಲ, ಕ್ಷಮಿಸಿದೆ ಅಂತಲೂ ಅನ್ನಲಿಲ್ಲ, ಆ ಭಾರ ಹೊತ್ತುಕೊಂಡೇ ತಾಮು ಮುದುಕಿಯಾದಳು.

ಊರಿನಲ್ಲಿ ಮದ್ದಿನ ಸುದ್ದಿ ಎದ್ದು ಗದ್ದಲವಾಯಿತು. ಬಿಟ್ಟಿ ಸಿಕ್ಕಿದರೆ ನನಗೂ ಇರಲಿ, ನಮ್ಮಪ್ಪನಿಗೂ ಇರಲಿ ಅನ್ನುವ ಜನ, ಔಷಧ ಬಿಟ್ಟಿ ಅಂದ ಕೂಡಲೇ ಅನುಮಾನಪಟ್ಟರು. ಹೆಂಗಸರಿಗೆ ಮಕ್ಕಳಾಗದ ಹಾಗೆ ಮಾಡುವ ಮಾತ್ರೆ ಅಂತ ಒಬ್ಬ. ಕಮ್ಮಾರನ ಮನೆಯವರ ಜೊತೆ ಒಂದೇ ಸಾಲಿನಲ್ಲಿ ನಿಲ್ಲಬೇಕಂತೆ ಅಂತ ಇನ್ನೊಬ್ಬ. ಹೆನ್ನು ಬಾವಿಕಟ್ಟೆಯ ಮೇಲೆ ನಿಂತು, "ನನ್ನ ಕಣ್ಣು ಹದ್ದಿನ ಕಣ್ಣು. ಕಂಡೋರ ಕಣ್ಣಿಗೆ ನಾನ್ಯಾಕೆ ಮಾತ್ರೆ ನುಂಗ್ಲಿ?" ಅಂದಳು. ಅವಳಿಗೆ ಆರು ಮೊಮ್ಮಕ್ಕಳು, ರಹ್ಮಾ ದಿನಾ ಆಡುತ್ತಿದ್ದದ್ದು ಅವರ ಜೊತೆಗೇ.

ಆಶೂರಾ ದಿನ ಹೆಂಗಸರು ಮಕ್ಕಳನ್ನು ಕಟ್ಟಿಕೊಂಡು ತಾಮುವಿನ ಅಂಗಳಕ್ಕೆ ಬಂದರು. ತಾಮು ಚಾಪೆಯ ಮೇಲೆ ಕೂತಿದ್ದಳು. ಮುಂದೆ ಒಂದು ಬುಟ್ಟಿ, ಅದರ ತುಂಬ ಹೊಸದಾಗಿ ಹೆರೆದ ಆಲಿವ್ ಕಡ್ಡಿಗಳು. ತಲೆಗೊಂದರಂತೆ ಕೊಟ್ಟು, "ಇದು ನಿಂದು, ಇದು ನಿನ್ನ ಮಗಳದ್ದು. ಒಬ್ಬರದ್ದು ಒಬ್ಬರು ಮುಟ್ಬೇಡಿ" ಅಂದಳು.

ಹೆನ್ನು ಕಡ್ಡಿಯನ್ನು ಎರಡು ಬೆರಳಲ್ಲಿ ಎತ್ತಿ ನೋಡಿದಳು. ಮುಖ ಕಪ್ಪಿಟ್ಟಿತು. "ಇದೇನೇ ತಾಮು? ನನ್ನ ಕಣ್ಣು ನಿಂಗೆ ಹೇಸಿಗೆ ಆಯ್ತಾ? ಕಮ್ಮಾರನ ಹೆಂಡ್ತಿಗೆ ಎಸೆದಂಗೆ ನಂಗೂ ಎಸೀತೀಯಾ?"

"ಕಮ್ಮಾರನ ಮಗಳ ರೆಪ್ಪೆ ನೀನೂ ನೋಡ್ದೆಯಲ್ಲ ಹೆನ್ನು."

"ನೋಡ್ದೆ. ಅದಕ್ಕೆ?"

"ಯಾರನ್ನ ನಮ್ಮೋರು ಅಂತ ಹತ್ರ ಕೂರಿಸ್ಕೊಂಡೆನೋ ಅವರ ಕಣ್ಣು ಕೆಡಿಸ್ದೆ. ಯಾರನ್ನ ಹೊರಗಿಟ್ಟೆನೋ ಅವರದ್ದು ಉಳೀತು." ತಾಮು ಫಾದ್ಮಾಳ ಕಡೆ ಕೈ ತೋರಿಸಿದಳು. "ಈ ಊರಲ್ಲಿ ನನ್ನ ಕಡ್ಡಿ ಎಲ್ಲರಿಗಿಂತ ಹೆಚ್ಚು ಮುಟ್ಟಿದ ಕಣ್ಣು ಅದು. ಮುಟ್ಟದೇ ಇದ್ದದ್ದು ನಂದು, ಕಾಣ್ತಿರೋದೂ ನಂಗೇ. ಇನ್ನೂ ಹೇಳ್ಬೇಕಾ?"

ಹೆಂಗಸರು ನಂಬಿದರೋ ಇಲ್ಲವೋ, ಅವಮಾನವಂತೂ ಆಗಿತ್ತು. ಹೆನ್ನು ಕಡ್ಡಿಯನ್ನು ಬುಟ್ಟಿಗೆ ವಾಪಸು ಹಾಕಿ, ಮೊಮ್ಮಕ್ಕಳನ್ನು ಎಬ್ಬಿಸಿಕೊಂಡು ಹೊರಟಳು. ಅವಳ ಹಿಂದೆ ಒಬ್ಬೊಬ್ಬರಾಗಿ ಎಲ್ಲರೂ ಎದ್ದರು. ಆ ವರ್ಷ ತಮೆಸ್ಲಾದ ಹೆಂಗಸರು ಕಾಡಿಗೆ ಇಲ್ಲದೆ ಹಬ್ಬ ಮಾಡಿದರು.

ಮಾರನೆಯ ಬೆಳಿಗ್ಗೆ ಜೀಪು ಬರುವುದಕ್ಕೆ ಮೊದಲು ತಾಮು ಮನೆಯಿಂದ ಹೊರಟಳು. ಹೆನ್ನುವಿನ ಬಾಗಿಲ ಮುಂದೆ ನಿಂತು, ತಲೆಯ ವಸ್ತ್ರ ಬಿಚ್ಚಿ ಹೊಸ್ತಿಲ ಮೇಲೆ ಹಾಸಿದಳು. ಬೆಳ್ಳಗಾದ ಕೂದಲು ಬಿಸಿಲಿಗೆ ಬಿತ್ತು. ನಮ್ಮಲ್ಲಿ ಇದು ಸಣ್ಣ ಮಾತಲ್ಲ. ಹೆಂಗಸು ತಲೆವಸ್ತ್ರವನ್ನು ಹೊಸ್ತಿಲಿಗೆ ಹಾಕಿ ಬೇಡಿದ್ದನ್ನು ಇಲ್ಲ ಅಂದರೆ ಆ ಮನೆಗೆ ಏಳಿಗೆಯಿಲ್ಲ, ವಸ್ತ್ರ ದಾಟಿ ಹೋದವರಿಗೆ ಶಾಪ. ಕೊಲೆಯಾದಾಗ ಮಾಡುತ್ತಿದ್ದರು, ಮಗನನ್ನು ಬಿಡಿಸಿಕೊಳ್ಳಲು ಮಾಡುತ್ತಿದ್ದರು. ಮಾತ್ರೆ ನುಂಗಿ ಅಂತ ಯಾರೂ ಮಾಡಿರಲಿಲ್ಲ.

"ಫಾದ್ಮಾದು ಮುಗೀತು" ಅಂದಳು ತಾಮು. "ರಹ್ಮಾಗೋಸ್ಕರ ಬೇಡ್ಕೋತೀನಿ. ನಿನ್ನ ಮನೆ ಮಂದಿಯೆಲ್ಲ ಬಂದು ನುಂಗಿ."

ಹೆನ್ನು ಬಾಗಿಲ ಹಿಂದೆಯೇ ನಿಂತಿದ್ದಳು, ಹೊರಗೆ ಬರಲಿಲ್ಲ. ತಾಮು ವಸ್ತ್ರ ಎತ್ತಿಕೊಂಡು ಮುಂದಿನ ಮನೆಗೆ ಹೋದಳು. ಹೀಗೆ ಮನೆ ಮನೆಗೂ. ಗಂಡಸರು ತಲೆ ತಗ್ಗಿಸಿ ಒಳಗೆ ಹೋದರು. ಊರೆಲ್ಲ ಮುಗಿದ ಮೇಲೆ ಊರಬಾಗಿಲು ದಾಟಿ ಕಮ್ಮಾರನ ಮನೆಗೂ ಹೋಗಿ ಆ ಹೊಸ್ತಿಲ ಮೇಲೂ ಹಾಸಿದಳು.

ಬರ್ಕಾ ಕುಲುಮೆಯ ಮಸಿಗೈಯಲ್ಲೇ ಓಡಿ ಬಂದಳು. "ಇಲ್ಯಾಕೆ ಲಾಲ್ಲಾ? ನಮ್ಮ ಕಣ್ಣು ಚೆನ್ನಾಗಿದೆ."

"ಊರಿಗೆ ಊರೇ ನುಂಗ್ಬೇಕಂತೆ."

"ಊರು ಅಂದ್ರೆ ನಾವೂ ಸೇರಿದ್ವಾ ಈಗ?" ಬರ್ಕಾಳ ದನಿಯಲ್ಲಿ ಮುಳ್ಳಿತ್ತು.

"ಮೊದ್ಲೇ ಸೇರಿಸ್ಕೋಬೇಕಿತ್ತು. ಸೇರಿಸ್ಕೊಂಡಿದ್ರೆ ನಿನ್ನ ಮಗಳ ಕಣ್ಣೂ ಹೋಗ್ತಿತ್ತು. ನಂಗೇನೂ ತೋಚ್ತಿಲ್ಲ ಬರ್ಕಾ, ಬಾ ಸುಮ್ನೆ."

ಬರ್ಕಾ ಬಗ್ಗಿ ವಸ್ತ್ರ ಎತ್ತಿ, ಧೂಳು ಕೊಡವಿ, ತನ್ನ ಕೈಯಾರೆ ತಾಮುವಿನ ತಲೆಗೆ ಸುತ್ತಿದಳು. ಬಿಳಿ ಬಟ್ಟೆಯ ಮೇಲೆ ಮಸಿಯ ಗುರುತು ಬಿತ್ತು. ತಾಮು ಅದನ್ನು ಹಾಗೇ ಕಟ್ಟಿಕೊಂಡು ಶಾಲೆಯ ಅಂಗಳಕ್ಕೆ ನಡೆದಳು.

ಬಂದರು. ಒಬ್ಬರ ಮುಖ ಒಬ್ಬರು ನೋಡಿಕೊಂಡು, ಗೊಣಗಿಕೊಂಡು, ಎಲ್ಲರೂ ಬಂದರು. ಮಕ್ಕಳಿಗೆ ಸಿಹಿ ನೀರಿನಂಥ ಔಷಧ, ದೊಡ್ಡವರಿಗೆ ಮಾತ್ರೆ. ಒಂದೇ ಸಾಲು, ಬರ್ಕಾ ನಡುವೆ. ಹೆನ್ನು ಎಲ್ಲರಿಗಿಂತ ಕೊನೆಗೆ ಬಂದು, ಮಾತ್ರೆ ನುಂಗಿ, ತಾಮುವಿನ ಕಡೆ ನೋಡದೆಯೇ, "ವಸ್ತ್ರ ದಾಟೋಕೆ ಕಾಲು ಬರ್ಲಿಲ್ಲ, ಅದಕ್ಕೆ ಬಂದೆ. ರಾಜಿ ಆಯ್ತು ಅನ್ಕೋಬೇಡ" ಅಂದಳು.

"ಅನ್ಕೊಳ್ಳಲ್ಲ" ಅಂದಳು ತಾಮು.

ಒಂದು ಆಸೆ ಉಳಿದಿತ್ತು. ತಿರುಗಿದ ರೆಪ್ಪೆಯನ್ನು ಪಟ್ಟಣದ ಸರ್ಕಾರಿ ಆಸ್ಪತ್ರೆಯಲ್ಲಿ ಕುಯ್ದು ಸರಿಮಾಡುತ್ತಾರೆ, ಅದಕ್ಕೂ ದುಡ್ಡಿಲ್ಲ ಅಂತ ಬತೂಲ್ ಹೇಳಿದ್ದಳು. ತಾಮು ಮಗಳನ್ನು ಜೀಪಿನಲ್ಲಿ ಕೂರಿಸಿಕೊಂಡು ಹೋದಳು. ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಇಲ್ಲದ ಹರಕೆಗಳನ್ನೆಲ್ಲ ಹೊತ್ತಳು. ಪಟ್ಟಿ ಬಿಚ್ಚುವಾಗ ಮಗಳ ಎದುರಿಗೇ ನಿಂತಳು, ಮೊದಲು ತನ್ನ ಮುಖವೇ ಕಾಣಲಿ ಅಂತ.

ಫಾದ್ಮಾ ರೆಪ್ಪೆ ಮುಚ್ಚಿ ತೆರೆದಳು. ಮತ್ತೆ ಮುಚ್ಚಿ ತೆರೆದಳು. "ಗೀಚ್ತಿಲ್ಲ ಅವ್ವಾ" ಅಂದಳು. "ಉರಿ ಹೋಯ್ತು."

"ನಾನು ಕಾಣ್ತೀನಾ?"

ಫಾದ್ಮಾ ತಾಯಿಯ ದನಿ ಬಂದ ಕಡೆಗೆ ಮುಖ ತಿರುಗಿಸಿದಳು, ಸ್ವಲ್ಪ ತಪ್ಪಾದ ಕಡೆಗೆ. "ಉರಿ ಹೋಯ್ತಲ್ಲ, ಸಾಕು ಬಿಡು" ಅಂದಳು.

ವೈದ್ಯರು ಹೊರಗೆ ಕರೆದು ಹೇಳಿದರು. ರೆಪ್ಪೆ ಸರಿಹೋಗಿದೆ, ಕಣ್ಣುಗುಡ್ಡೆಯ ಬಿಳುಪಿಗೆ ಇಲ್ಲಿ ಮಾಡುವಂಥದ್ದು ಏನೂ ಇಲ್ಲ, ಕೆಲವು ವರ್ಷ ಮೊದಲೇ ಬಂದಿದ್ದರೆ ಉಳಿಯುತ್ತಿತ್ತು. ಮೊದಲು ಇವರು ಎಲ್ಲಿದ್ದರು, ಜೀಪು ಎಲ್ಲಿತ್ತು ಅಂತ ಕೇಳಬೇಕಿತ್ತು ತಾಮು. ಕೇಳಲಿಲ್ಲ. ಅಟ್ಟ ಮೇಲೆ ಒಲೆ ಉರಿಯಿತು ಅಂತ ಅಂದುಕೊಂಡು, ಹಿಂದಿರುಗುವ ದಾರಿಯುದ್ದಕ್ಕೂ ಮಗಳಿಗೆ ಕೇಳಿಸದ ಹಾಗೆ ಹೊದಿಕೆ ಕಚ್ಚಿ ಅತ್ತಳು.

ಬತೂಲ್ ವರ್ಷ ವರ್ಷವೂ ಬಂದಳು. ಪ್ರತಿ ಸಲವೂ ಊರಿಗೆ ಊರೇ ನುಂಗಿತು. ಶಾಲೆಯ ಹತ್ತಿರ ನಲ್ಲಿ ಬಂತು, ಮಕ್ಕಳು ಒಳಗೆ ಹೋಗುವ ಮೊದಲು ಮುಖ ತೊಳೆಯಬೇಕು ಅಂತ ಮೇಷ್ಟ್ರು ಬೆತ್ತ ಹಿಡಿದು ನಿಂತರು. ರೆಪ್ಪೆಯೊಳಗಿನ ಕಾಳು ಕಡಿಮೆಯಾಗುತ್ತ ಬಂತು. ಮೊದಲ ವರ್ಷವೇ ರಹ್ಮಾಳ ಕಣ್ಣು ತಿಳಿಯಾಯಿತು, ಮತ್ತೆ ಕೆಡಲಿಲ್ಲ. ಒಂದು ವರ್ಷ ಬತೂಲ್ ಕೊನೆಯ ಮಗುವಿನ ರೆಪ್ಪೆ ಮಗುಚಿ ನೋಡಿ, ಬೆರಳು ಒರೆಸಿಕೊಂಡು, "ಯಾರಿಗೂ ಇಲ್ಲ" ಅಂದಳು. ಅಲ್ಲಿದ್ದ ಮಕ್ಕಳಿಗೆ ಏನು ಇಲ್ಲ ಅನ್ನುವುದೇ ಗೊತ್ತಾಗಲಿಲ್ಲ. ಬೇನೆ ಹೋದ ಊರಿಗೆ ಬೇನೆಯ ನೆನಪೂ ಇರುವುದಿಲ್ಲ.

ಏಳನೆಯ ದಿನಕ್ಕೆ ತಾಮುವನ್ನು ಕರೆಯುವುದು ನಿಂತುಹೋಗಿತ್ತು. ಮನೆ ಮನೆಗೂ ಬೇರೆ ಕಡ್ಡಿ, ಆಮೇಲೆ ಸಂತೆಯಿಂದ ಪೆನ್ಸಿಲ್‌ನಂಥ ಕಾಡಿಗೆ ಬಂತು. ಕಂಡರೆ ಎಲ್ಲರೂ ಕೈಗೆ ಮುತ್ತಿಡುತ್ತಿದ್ದರು, ಅವಳ ಅಂಗಳಕ್ಕೆ ಮಾತ್ರ ಯಾರೂ ಬರುತ್ತಿರಲಿಲ್ಲ. ಹಳೆಯ ಕಡ್ಡಿ ಏನಾಯ್ತು ಅಂತ ಯಾರೋ ಕೇಳಿದ್ದಕ್ಕೆ, ಹೊಳೆಗೆ ನೀರು ಬಂದಾಗ ಎಸೆದೆ ಅಂದಿದ್ದಳು.

ರಹ್ಮಾಳ ಮದುವೆ ಬಂತು. ಅವಳಿಗೆ ತಾಯಿಯ ಕಣ್ಣೇ ಬಂದಿತ್ತು, ದೊಡ್ಡದು, ನಗುವ ಮೊದಲೇ ನಗುವಂಥದ್ದು. ಗೆಳತಿಯರು ಅವಳನ್ನು ನಡುಮನೆಯಲ್ಲಿ ಕೂರಿಸಿಕೊಂಡು ಮದರಂಗಿ ಹಚ್ಚಿದರು, ಹೊಚ್ಚ ಹೊಸ ಪೆನ್ಸಿಲ್ ತೆಗೆದು ಕಾಡಿಗೆ ಎಳೆದರು. ಕಮ್ಮಾರನ ಮಗಳು ದಫ್ಫು ಬಡಿಯುತ್ತಿದ್ದಳು. ಹೆನ್ನು ಎಲ್ಲರಿಗಿಂತ ಜೋರಾಗಿ ಕೇಕೆ ಹಾಕುತ್ತಿದ್ದಳು. ತಾಮು ಒಂದು ಗಳಿಗೆ ಬಾಗಿಲಲ್ಲಿ ನಿಂತು ನೋಡಿ, ಹಿಂದಿನ ಕೋಣೆಗೆ ಹೋಗಿ ಪೆಟ್ಟಿಗೆಯ ಮೇಲೆ ಕೂತಳು.

ಗೋಡೆ ತಡವುತ್ತ ಫಾದ್ಮಾ ಬಂದಳು. ಪಕ್ಕದಲ್ಲಿ ಕೂತು, ರೇಷ್ಮೆಯಂತೆ ನುಣುಪಾದ ತನ್ನ ಹೊಸ ಹೊದಿಕೆಯನ್ನು ಬೆರಳಲ್ಲಿ ಸವರಿದಳು. "ಹೊಸ ಬಟ್ಟೆ ಹಾಕಿದ್ದಾರೆ ನಂಗೆ. ಯಾವ ಬಣ್ಣ ಅವ್ವಾ?"

"ಹಳದಿ."

"ಮದುವಣಗಿತ್ತಿ ತಾಯಿ ಬರೀ ಕಣ್ಣಲ್ಲಿ ಕೂರ್ಬಾರ್ದು. ಹಚ್ಚು ನಂಗೆ."

"ರಹ್ಮಾ ಗೆಳತೀರ್ನ ಕರೀತೀನಿ ಇರು. ಅವರ ಹತ್ರ ಪೆನ್ಸಿಲ್ಲಿದೆ."

"ಪೆನ್ಸಿಲ್ ಬೇಡ. ನಿನ್ನ ಕಡ್ಡಿ ತೆಗಿ."

"ಅದನ್ನ ಹೊಳೆಗೆ ಎಸೆದೆ ಕಣೇ."

"ಊರಿಗೆ ಹೇಳು ಅದನ್ನ. ಈ ಪೆಟ್ಟಿಗೆ ಮುಚ್ಚಳ ತೆಗೆದಾಗೆಲ್ಲ ಲವಂಗದ ವಾಸ್ನೆ ನಂಗೆ ಬರಲ್ವಾ?"

ತಾಮುವಿನ ಕೈ ಮಡಿಲಲ್ಲೇ ಕೂತಿತ್ತು. "ಬೇಡ ಮಗಳೇ. ಆ ಕಡ್ಡಿ ಬೇಡ. ನಿನ್ನ ಕಾಲು ಬೇಕಾದ್ರೆ ಹಿಡ್ಕೋತೀನಿ, ಅದೊಂದು ಕೇಳ್ಬೇಡ."

ಫಾದ್ಮಾ ತಾಯಿಯ ಕೈಯನ್ನು ತಡಕಿ ಹಿಡಿದುಕೊಂಡಳು. "ಇನ್ನೇನು ಹೋಗೋದಿದೆ ಅವ್ವಾ ಇದರಲ್ಲಿ? ಎಲ್ಲರ ಕಣ್ಣು ಮುಟ್ಟೋದೂ ಬಿಟ್ಟೆ ನೀನು. ನಿನ್ನ ಕಡ್ಡಿಗೆ ಈಗ ಹೆದರ್ದೇ ಇರೋ ಕಣ್ಣು ನಂದೊಂದೇ. ಚಿಕ್ಕೋಳಿದ್ದಾಗ ಹಚ್ತಿದ್ದೆಯಲ್ಲ, ಹಾಗೇ ಹಚ್ಚು. ಅಷ್ಟು ಹತ್ರ ಆಮೇಲೆ ನೀನು ಬರ್ಲೇ ಇಲ್ಲ."

ತಾಮು ಎದ್ದು ಪೆಟ್ಟಿಗೆ ತೆಗೆದಳು. ಕೊಳವೆಯ ಬಿರಡೆ ಬಿಗಿದುಕೊಂಡಿತ್ತು, ಹಲ್ಲಿನಿಂದ ಕಚ್ಚಿ ಬಿಚ್ಚಿದಳು. ಕಡ್ಡಿಯನ್ನು ನಾಲಿಗೆಯ ತುದಿಗೆ ತಾಗಿಸಿ ಬಿಸ್ಮಿಲ್ಲಾ ಅಂದಳು. ಫಾದ್ಮಾ ಮುಖ ಎತ್ತಿ, ತಾಯಿಯ ಉಸಿರು ಕೆನ್ನೆಗೆ ತಾಗುವಷ್ಟು ಹತ್ತಿರ ಬಂದು, ರೆಪ್ಪೆ ತೆರೆದಳು. ತಾಮು ಕಡ್ಡಿ ಎಳೆದಳು. ಒಂದು ಕಣ್ಣಿನ ಕಾಡಿಗೆ ಕೆನ್ನೆಯವರೆಗೆ ಇಳಿಯಿತು, ಬೆರಳಿನಿಂದ ಒರೆಸಿದಳು, ಅದು ಇನ್ನಷ್ಟು ಹರಡಿತು. ನಡುಮನೆಯಿಂದ ದಫ್ಫಿನ ಸದ್ದು ಬರುತ್ತಲೇ ಇತ್ತು.

"ಹೆಂಗ್ ಕಾಣ್ತೀನಿ?" ಅಂದಳು ಫಾದ್ಮಾ.

ಕಣ್ಣು ತುಂಬಿ ಬಂದಿದ್ದ ತಾಮುವಿಗೆ ಮಗಳ ಮುಖ ಕಾಣುತ್ತಿರಲಿಲ್ಲ. "ಚೆನ್ನಾಗ್ ಕಾಣ್ತೀಯ ಮಗಳೇ" ಅಂದಳು.